ವೈದ್ಯರ ಮುಂದೆ ಮುಚ್ಚಿಟ್ಟ ಮಾತು

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಆಲೋಚನೆಯನ್ನು ಮೊದಲಿಗೆ ಇರಿಸಿದೆ. ಗುರುವಿನ ಸನ್ನಿಧಿಯಲ್ಲಿ ತನ್ನ ದೋಷವನ್ನು ನಿಷ್ಕಪಟವಾಗಿ ನಿವೇದಿಸಿಕೊಳ್ಳುವುದೇ ಆಲೋಚನೆ. ಹಾಗೆ ನಿವೇದಿಸುವಾಗ ಮನುಷ್ಯನು ಮಾಡುವ ಹತ್ತು ತಪ್ಪುಗಳನ್ನು ಪೂರ್ವಾಚಾರ್ಯರು ಎಣಿಸಿಟ್ಟಿದ್ದಾರೆ. ದೊಡ್ಡದನ್ನು ಮರೆಮಾಚಿ ಸಣ್ಣದನ್ನಷ್ಟೇ ಹೇಳುವುದು ಸೂಕ್ಷ್ಮದೋಷ. ತನ್ನದನ್ನು ಪರರದೆಂಬಂತೆ ಕೇಳಿ ಉಪಾಯ ತಿಳಿದುಕೊಳ್ಳುವುದು ಛನ್ನದೋಷ. ಸ್ವಾಧ್ಯಾಯದಲ್ಲಿ ಇವನ್ನು ಎಷ್ಟೋ ಬಾರಿ ಓದಿದ್ದೆ. ಅರ್ಥವಾದದ್ದು ಮಾತ್ರ ನಮ್ಮ ಕುಟುಂಬದ ವೈದ್ಯರ ಮುಂದೆ ಕುಳಿತಾಗ.

ಅಣ್ಣನವರು ತೀರಿಕೊಂಡ ಬಳಿಕ ಅತ್ತಿಗೆಯವರು ಊಟ ಕಡಿಮೆ ಮಾಡಿದರು, ಮಾತು ನಿಲ್ಲಿಸಿದರು. ಬೆಳಗಿನ ಜಾವ ಮೂರಕ್ಕೇ ಎದ್ದು ಗೋಡೆ ನೋಡುತ್ತ ಕೂರುತ್ತಿದ್ದರು. ಬಂಧುಗಳು ಇದನ್ನು ವೈರಾಗ್ಯವೆಂದು ಕೊಂಡಾಡಿದರು. ನಾನೂ ಒಳಗೊಳಗೇ ಹೆಮ್ಮೆಪಟ್ಟೆ. ಆದರೆ ಅವರು ಬಸದಿಗೂ ಹೋಗದಾದರು, ಜಪಮಾಲೆಯನ್ನು ಮುಟ್ಟದಾದರು. ವೈರಾಗ್ಯವುಳ್ಳವರಿಗೆ ಜಿನದರ್ಶನವೂ ಬೇಸರವಾಗುವುದುಂಟೆ? ಇಷ್ಟವಿಯೋಗದ ಆರ್ತಧ್ಯಾನಕ್ಕೆ ಧರ್ಮಧ್ಯಾನವೆಂದು ಹೆಸರಿಟ್ಟು ಎಂಟು ತಿಂಗಳು ಕಳೆದೆವು. ಒಂದು ಸಂಜೆ ಅವರು, “ನಾನು ಇನ್ನೂ ಯಾಕೆ ಉಳಿದಿದ್ದೇನೆ?” ಎಂದರು. ಮರುದಿನವೇ ಕರೆದೊಯ್ದೆ.

ವೈದ್ಯರ ಮುಂದೆ ಅತ್ತಿಗೆಯವರು ಮೊಣಕಾಲು ನೋವೆಂದರು, ಮತ್ತೇನೂ ಇಲ್ಲವೆಂದರು. ನಾನು ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದು, “ನಮ್ಮ ಪರಿಚಯದವರೊಬ್ಬರಿಗೆ ಹೀಗಾಗಿದೆ” ಎಂದು ಆರಂಭಿಸಿದೆ. ಅವರ ಮಗಳ ಮದುವೆಯ ಮಾತುಕತೆ ಆಗ ನಡೆಯುತ್ತಿತ್ತು. ಆ ಭಯ ನನ್ನದು. ವೈದ್ಯರು ಲೇಖನಿ ಕೆಳಗಿಟ್ಟು, “ಆ ಪರಿಚಯದವರು ಹೊರಗೆ ಬೆಂಚಿನ ಮೇಲಿದ್ದಾರೆಯೇ, ಶೆಟ್ಟರೇ?” ಎಂದು ಕೇಳಿದರು. ಅತ್ತಿಗೆಯವರದು ಸೂಕ್ಷ್ಮ, ನನ್ನದು ಛನ್ನ. ನಲವತ್ತು ವರ್ಷ ಜಮಾಖರ್ಚು ಬರೆದವನು ನಾನು. ನಷ್ಟವನ್ನು ಅನ್ಯರ ಖಾತೆಗೆ ಬರೆದರೆ ಲೆಕ್ಕ ಕೂಡುವುದಿಲ್ಲವೆಂಬುದು ಅಂದು ನೆನಪಾಗಲಿಲ್ಲ.

ರೋಗವು ದೋಷವಲ್ಲ, ವೈದ್ಯರು ಗುರುವೂ ಅಲ್ಲ. ಸಾಮ್ಯವಿರುವುದು ಹೇಳಿಕೊಳ್ಳುವ ರೀತಿಯಲ್ಲಿ ಮಾತ್ರ. ಭಗವತೀ ಆರಾಧನೆಯು ಆಲೋಚನೆಯನ್ನು ಕೇಳುವ ಆಚಾರ್ಯನಿಗೂ ಗುಣಗಳನ್ನು ವಿಧಿಸಿದೆ: ಸಂಕೋಚಪಡುವವನ ಬಾಯಿಂದ ಮಾತನ್ನು ಹೊರತರಬಲ್ಲ ಅವಪೀಡಕತ್ವ, ಕೇಳಿದ್ದನ್ನು ಸೋರಗೊಡದ ಅಪರಿಸ್ರಾವಿತ್ವ. ಈ ಎರಡನೆಯದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ಗೋಪ್ಯತೆಯ ಹಕ್ಕಾಗಿ ಮಾಡಿದೆ.

“ಕರ್ಮೋದಯ, ಅನುಭವಿಸಿ ತೀರಿಸಬೇಕು” ಎಂಬವರಿದ್ದಾರೆ. ಜ್ವರವೂ ಅಸಾತಾವೇದನೀಯದ ಉದಯವೇ. ಅದಕ್ಕೆ ಮದ್ದು ಬೇಡವೆಂದವರನ್ನು ನಾನು ಕಂಡಿಲ್ಲ. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ, ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವಿಷವೈದ್ಯ ಗ್ರಂಥವನ್ನು ಕನ್ನಡಕ್ಕೆ ಕೊಟ್ಟ ಸಮಾಜ ನಮ್ಮದು. ಮನಸ್ಸಿನ ವ್ಯಾಧಿಗೆ ಮಾತ್ರ ಬೇರೆ ನ್ಯಾಯವೇಕೆ?

ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕುಂದಿದರೂ, ಸಸ್ಯಾಹಾರಿಗಳಾದ ನಮ್ಮಲ್ಲಿ ಸಾಮಾನ್ಯವಾದ ಬಿ-12 ಕೊರತೆಯಿದ್ದರೂ ಮನಸ್ಸು ಕುಗ್ಗಬಹುದಂತೆ. ನಮ್ಮ ವ್ರತನಿಯಮಗಳನ್ನು ಅವರೇ ಕೇಳಿದರು, ನಾವು ಹೇಳಿರಲಿಲ್ಲ. ರಾತ್ರಿಭೋಜನ ತ್ಯಾಗವಿದ್ದರೆ ಮಾತ್ರೆಯ ಹೊತ್ತನ್ನು ಸಾಧ್ಯವಾದಷ್ಟು ಹಗಲಿಗೆ ಹೊಂದಿಸಬಹುದು. ಕ್ಯಾಪ್ಸೂಲಿನ ಕವಚ ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಾಟಿನ್ ಆದುದರಿಂದ ಬದಲಿಗೆ ಮಾತ್ರೆ ಬರೆಯಬಹುದು. ಉಪವಾಸದ ವಿಷಯವಂತೂ ಮುಚ್ಚಿಡಲೇಬಾರದು. ಲಿಥಿಯಂ ಸೇವಿಸುವವರು ನೀರನ್ನೂ ಬಿಟ್ಟು ದಶಲಕ್ಷಣ ಪರ್ವದಲ್ಲಿ ಉಪವಾಸ ಕುಳಿತರೆ ಆ ಔಷಧದ ಪ್ರಮಾಣ ರಕ್ತದಲ್ಲಿ ಏರಿ ಅದೇ ವಿಷವಾಗಬಹುದು. ಖಿನ್ನತೆಯ ಮಾತ್ರೆಗಳ ಗುಣ ಪೂರ್ಣವಾಗಿ ಕಾಣಲು ಕೆಲವು ವಾರಗಳು ಬೇಕು. ಕಂಡೊಡನೆ ತಾವಾಗಿ ನಿಲ್ಲಿಸಬಾರದು. “ಏಕೆ ಉಳಿದಿದ್ದೇನೆ” ಎಂಬಂತಹ ಮಾತು ಕೇಳಿಬಂದರೆ ಮಾತ್ರ ನಾನು ಮಾಡಿದಂತೆ ಮರುದಿನದವರೆಗೂ ಕಾಯಬಾರದು. ಅಂದೇ ವೈದ್ಯರನ್ನು ಕಾಣಬೇಕು. 2022ರಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯ 14416 ಸಂಖ್ಯೆ ಹಗಲಿರುಳೂ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯ ಭೇಟಿಯಲ್ಲಿ ಅತ್ತಿಗೆಯವರು ನನ್ನನ್ನು ಹೊರಗೆ ಕೂರಲು ಹೇಳಿ ಒಬ್ಬರೇ ಒಳಗೆ ಹೋದರು. ಮುಕ್ಕಾಲು ಗಂಟೆಯಾಯಿತು. ಒಳಗೆ ಏನು ಹೇಳಿದರೆಂದು ನಾನು ಕೇಳಲಿಲ್ಲ. ಮೊಣಕಾಲು ನೋವೂ ನಿಜವೇ ಆಗಿತ್ತಂತೆ. ಅದಕ್ಕೂ ಒಂದು ಮುಲಾಮು ಬರೆದುಕೊಟ್ಟಿದ್ದರು.