ದಾರ ಕಟ್ಟಿದವರು ಯಾರು?

ನಮ್ಮಪ್ಪ ಚಾಮರಾಜನಗರದ ಒಂದು ಬಂಗಲೆಯಲ್ಲಿ ಬೇಲಿ ಗಿಡ ಕತ್ತರಿಸುವ ಕೂಲಿ ಮಾಡುತ್ತಿದ್ದ. ಎರಡು ಗೂಟ ನೆಟ್ಟು, ನಡುವೆ ದಾರ ಬಿಗಿದು, ದಾರ ಮೀರಿದ ಚಿಗುರನ್ನೆಲ್ಲ ದೊಡ್ಡ ಕತ್ತರಿಯಲ್ಲಿ ತರಿಯುತ್ತಿದ್ದ. ಸ್ಕೂಲಿಗೆ ರಜೆ ಇದ್ದಾಗ ಬಿದ್ದ ಚಿಗುರು ಗುಡಿಸುವುದು ನನ್ನ ಪಾಲು. 'ಯಾಕಪ್ಪಾ ಚಿಗುರನ್ನೇ ಕತ್ತರಿಸ್ತೀಯ?' ಅಂದರೆ, 'ದಾರದಿಂದ ಮ್ಯಾಲಕ್ಕೆ ಬರಬಾರ್ದು ಕನ ಮಗ, ಬಂದ್ರೆ ಅಂದ ಕೆಡ್ತದಂತೆ' ಅನ್ನುತ್ತಿದ್ದ. ಆ 'ಅಂತೆ' ಈಗಲೂ ನನ್ನ ಕಿವಿಯಲ್ಲಿದೆ. ಅಂದ ಯಾವುದೆಂದು ತೀರ್ಮಾನಿಸಿದವನು ಜಗಲಿಯ ಕುರ್ಚಿಯಲ್ಲಿದ್ದ. ಕತ್ತರಿ ಹಿಡಿದ ಅಪ್ಪ ಆ ಜಗಲಿ ಹತ್ತುವಂತಿರಲಿಲ್ಲ.

ತುದಿ ಕತ್ತರಿಸಿದರೆ ಪಕ್ಕದಲ್ಲಿ ಕವಲೊಡೆದು ಬೇಲಿ ದಟ್ಟವಾಗುತ್ತದೆ. ಬೆಳೆಯುವ ಆಸೆಯನ್ನೇ ಬೇಲಿ ಮಾಡುವ ಉಪಾಯ ಇದು. ಅದೇ ಬೇಲಿ ನಮ್ಮನ್ನು ಹೊರಗಿಡುತ್ತದೆ.

'ನಿಮ್ಮ ಸಮಾನತೆಯೂ ಇಷ್ಟೇ ಅಲ್ವೇನ್ರಿ, ಎತ್ತರ ಬೆಳೆದವರ ತಲೆ ಕತ್ತರಿಸೋದು?' ಎಂದು ಕೆಲವರು ಕೇಳುತ್ತಾರೆ. ಗೆಳೆಯರೇ, ಮಟ್ಟ ಮಾಡುವುದು ಬೇರೆ, ಸಮಾನತೆ ಬೇರೆ. ಎಲ್ಲ ಬೇರಿಗೂ ನೀರು, ಎಲ್ಲ ಎಲೆಗೂ ಬಿಸಿಲು ಸಿಗಲಿ. ಆಮೇಲೆ ಹೊಂಗೆ ಹೊಂಗೆಯಷ್ಟು, ಹುಣಸೆ ಹುಣಸೆಯಷ್ಟು ಬೆಳೆಯಲಿ.

ಹಾಗಾದರೆ ಕತ್ತರಿಸುವುದೇ ತಪ್ಪೇ? ನಮ್ಮ ಸೀಮೆಯ ರೇಷ್ಮೆ ರೈತ ಹಿಪ್ಪುನೇರಳೆಯನ್ನು ಬುಡದ ತನಕ ಕತ್ತರಿಸುತ್ತಾನೆ. ಹುಳುವಿಗೆ ಸೊಪ್ಪು, ಮನೆಗೆ ಅನ್ನ. ಗೊಬ್ಬರ ಹಾಕಿ ಗಿಡವನ್ನು ಮತ್ತೆ ಚಿಗುರಿಸುತ್ತಾನೆ. ಆದ್ದರಿಂದ ಪ್ರಶ್ನೆ ಕತ್ತರಿಯದ್ದಲ್ಲ, ದಾರದ್ದು. ಯಾರು ಕಟ್ಟಿದರು? ಯಾರಿಗಾಗಿ?

ಒಬ್ಬರ ಅಂದಕ್ಕೆ ಇನ್ನೊಬ್ಬರು ದಂಡ ತೆರುವುದನ್ನು ನೋಡಬೇಕಾದರೆ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿಗೆ ಹೋಗಿ. ಎಲ್ಲೆಲ್ಲೂ ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದಲ್ಲಿ ಬ್ರಿಟಿಷರು ಹೂವಿನ ಅಂದಕ್ಕೆ, ತೋಟದ ಬೇಲಿಗೆ ಎಂದು ಈ ದೇಶಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದವು. ತೋಟದ ಬೇಲಿ ಕಾಡನ್ನೇ ನುಂಗಿತು. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಗೆಯ ಮೊದಲಿಗೆ 'ತರಗು ಬೆಂಕಿ' ಇಟ್ಟು, ಒಣಗಿದೆಲೆ ಸುಟ್ಟು ನೆಲ ಹಸನು ಮಾಡುತ್ತಿದ್ದರು. ಲಂಟಾನವನ್ನು ಹದ್ದಿನಲ್ಲಿಟ್ಟಿದ್ದು ಆ ಬೆಂಕಿಯೇ ಎನ್ನುತ್ತಾರೆ ಅವರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ಅಪರಾಧವಾಯಿತು. ಕಾಡಿನೊಳಗಿದ್ದ ಎಷ್ಟೋ ಪೋಡುಗಳನ್ನು ಹೊರಗೆ ಎಬ್ಬಿಸಿದರು. ಲಂಟಾನ ಮಾತ್ರ ಒಳಗೇ ಬೆಳೆಯಿತು.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈಗ ಅದೇ ಲಂಟಾನದ ಕಡ್ಡಿಯಲ್ಲಿ ಕುರ್ಚಿ ಹೆಣೆಯುತ್ತಾರೆ. ಚೆನ್ನಾಗಿಯೇ ಇದೆ ಆ ಕುರ್ಚಿ. ಯಾರ ಜಗಲಿಗೆ ಹೋಗುತ್ತದೆ ಅದು? ಹೆಣೆದವನು ಅದರಲ್ಲಿ ಕೂರುವುದು ಯಾವಾಗ?