ನಾಲ್ಕು ಅವಕಾಶ, ಹತ್ತು ಗಜ

ಅಮೆರಿಕನ್ ಫುಟ್‌ಬಾಲನ್ನು ಟೀವಿಯಲ್ಲಿ ಮೊದಲ ಸಲ ನೋಡುವವರಿಗೆ ಆಟ ಕಾಣಲ್ಲ, ಬೀಳೋ ಮನುಷ್ಯರು ಕಾಣ್ತಾರೆ. ‘ಅಯ್ಯೋ, ಪೆಟ್ಟಾಗಲಿಲ್ವಾ?’ ಅನ್ನೋದೇ ಮೊದಲ ಪ್ರಶ್ನೆ. 4 ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು ಅನ್ನೋ ನಿಯಮ ಅರ್ಥವಾಯ್ತೋ, ಕಣ್ಣು ಬದಲಾಗುತ್ತೆ. ಬಿದ್ದವನನ್ನು ಬಿಟ್ಟು ಗಜ ಎಣಿಸೋಕೆ ಶುರು ಮಾಡ್ತೀವಿ.

4 ಸೂಪರ್ ಬೌಲ್ ಗೆದ್ದಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿಗೇ ತೀರಿಕೊಂಡರು. ಅವರ ಮೆದುಳನ್ನು ಪರೀಕ್ಷಿಸಿದ ಡಾ. ಬೆನೆಟ್ ಒಮಾಲು ಅದರಲ್ಲಿ ಸಿಟಿಇ ಗುರುತಿಸಿದರು. ತಲೆಗೆ ಮತ್ತೆ ಮತ್ತೆ ಬೀಳೋ ಪೆಟ್ಟಿನಿಂದ ಬರುವ ಕಾಯಿಲೆ ಅದು.

ದುಡ್ಡು ತಗೊಂಡು, ಒಪ್ಪಿಯೇ ಆಡ್ತಾರಲ್ಲ ಅನ್ನಬಹುದು. ನಿಜ. ಆದರೆ ಆ ಒಪ್ಪಿಗೆ ಅವರು ಆಡೋದಕ್ಕೆ ಉತ್ತರ, ನಾವು ನೋಡಿ ಖುಷಿಪಡೋದಕ್ಕಲ್ಲ. ನಿಯಮ ಕಲಿಯೋಣ. ಮೊದಲ ದಿನದ ಆ ಪ್ರಶ್ನೆಯನ್ನು ಮಾತ್ರ ಮರೆಯೋದು ಬೇಡ.