ಮಣ್ಣಿನ ಸಹನೆ

ಹೆಣ್ಣಿಗೆ ಭೂಮಿಯಂಥ ಸಹನೆ ಇರಬೇಕು ಎಂಬ ಮಾತನ್ನು ಕೇಳಿಸಿಕೊಳ್ಳದೆ ಹಸೆಮಣೆ ಏರಿದವರು ನಮ್ಮ ಪೀಳಿಗೆಯಲ್ಲಿ ಯಾರೂ ಇರಲಾರರು. ಅಗೆದರೂ ತುಳಿದರೂ ಅನ್ನ ಕೊಡುತ್ತಾಳಲ್ಲ, ಹಾಗಿರಬೇಕಂತೆ. ನಾನು ಓದಿದ್ದು ಬಿ.ಎ., ಬಿ.ಎಡ್.; ಪಾಠ ಮಾಡುವುದು ಕನ್ನಡ ಮತ್ತು ಸಮಾಜ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಆಲ್ದೂರಿನಲ್ಲಿ ನಾಲ್ಕೆಕರೆ ಕಾಫಿ ಇಟ್ಟುಕೊಂಡ ಮನೆಗೆ ಸೇರಿದ ಮೇಲೆ ಮಣ್ಣಿನ ವಿಚಾರ ಬೇಡವೆಂದರೂ ಕಿವಿಗೆ ಬೀಳುತ್ತದೆ. ಹಾಗೆ ಬಿದ್ದದ್ದನ್ನೆಲ್ಲ ಕೂಡಿಸಿ ನೋಡಿದಾಗ ಹುಟ್ಟಿದ ಪ್ರಶ್ನೆ ಇದು: ಭೂಮಿ ನಿಜವಾಗಿ ಸಹಿಸುತ್ತದೆಯೇ?

ನಮ್ಮ ಮಲೆನಾಡಿನಲ್ಲಿ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಬಯಲುಸೀಮೆಯ ನೆಂಟರು ಹೊಟ್ಟೆಕಿಚ್ಚು ಪಡುತ್ತಾರೆ. ನಿಜಕ್ಕೂ ಇದು ಬಡ ಮಣ್ಣು. ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲನ್ನು ಕರಗಿಸಿ ಸುಣ್ಣ, ಮೆಗ್ನೀಸಿಯಂ, ಸಿಲಿಕಾದ ಬಹುಪಾಲನ್ನು ಹೊಳೆಗೆ ಕೊಚ್ಚಿಕೊಂಡು ಹೋಗಿದೆ. ಉಳಿದದ್ದು ಹೆಚ್ಚಾಗಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕೆಯೋಲಿನೈಟ್ ಎಂಬ ಜೇಡಿ. ಜೇಡಿಯ ಕಣವೆಂದರೆ ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಕೂತ ತೆಳು ಹಾಳೆಗಳು. ಧಾರವಾಡದ ಕಡೆಯ ಎರೆಮಣ್ಣಿನಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿಯ ಹಾಳೆಗಳು ಸಡಿಲ. ಅವುಗಳ ನಡುವೆ ನೀರು, ಗೊಬ್ಬರದ ಸಾರ ಹೊಕ್ಕು ಕೂರಬಹುದು. ಕೆಯೋಲಿನೈಟಿನ ಹಾಳೆಗಳು ಬಿಗಿ. ಸಾರವನ್ನು ಹಿಡಿದಿಡುವ ಅದರ ಶಕ್ತಿ ಸ್ಮೆಕ್ಟೈಟಿನದರ ಸುಮಾರು ಹತ್ತರಲ್ಲೊಂದು ಪಾಲು.

ಹಾಗಾದರೆ ಕಾಡು ಹೇಗೆ ಬೆಳೆಯಿತು? ತರಗೆಲೆಯಿಂದ. ಅತ್ತಿ, ಬಸರಿ, ಹಲಸು ಉದುರಿಸಿದ ಎಲೆ ಕೊಳೆತು, ಅದರ ಸಾರವನ್ನು ಮಳೆ ಕದಿಯುವ ಮುಂಚೆಯೇ ಬೇರುಗಳು ಹೀರಿಕೊಂಡು ಮತ್ತೆ ಎಲೆಗೆ ಕಳಿಸುತ್ತವೆ. ಇದ್ದ ಒಂದು ಹಿಡಿ ಬಂಡವಾಳವೇ ಸುತ್ತುತ್ತಿರುತ್ತದೆ. ಮಣ್ಣು ಕೊಡುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಸುತ್ತಲಿನವರು ದಿನವೂ ಅದಕ್ಕೆ ಹಿಂದಿರುಗಿಸುವುದು ಕಾಣುವುದಿಲ್ಲ.

ತೋಟದ ಲೆಕ್ಕ ಬೇರೆ. ವರ್ಷ ವರ್ಷ ಹಣ್ಣು ಕೊಯ್ದು ಮೂಟೆ ಕಟ್ಟುತ್ತೇವೆ, ಸಾರವೂ ಅದರೊಂದಿಗೆ ಲಾರಿ ಹತ್ತುತ್ತದೆ. ಬದಲಿಗೆ ಹಾಕುವ ಯೂರಿಯಾದಂಥ ಗೊಬ್ಬರ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ರಸಸಾರ, ಅಂದರೆ ಪಿ.ಎಚ್., ಆರರಿಂದ ಐದಕ್ಕೆ ಇಳಿದರೆ ಕಾಗದದ ಮೇಲೆ ಒಂದೇ ಅಂಕ. ಹುಳಿ ಮಾತ್ರ ಹತ್ತು ಪಟ್ಟು. ಐದೂವರೆಗಿಂತ ಕೆಳಗಿಳಿದಂತೆ, ಜೇಡಿಯೊಳಗೆ ಸುಮ್ಮನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಹೊರಬಂದು ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ಮೊದಲೇ ಕಡಿಮೆಯಿದ್ದ ಹಿಡಿಯುವ ಶಕ್ತಿ ಇನ್ನೂ ಕುಗ್ಗುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಮೇಲೆ ಗಿಡ ಬಹಳ ದಿನ ಹಸಿರಾಗಿಯೇ ಇರುತ್ತದೆ. ವರ್ಷಗಳ ಮೇಲೆ ಎಲೆ ಹಳದಿಯಾದಾಗ, "ಚೆನ್ನಾಗೇ ಇತ್ತು, ಇದ್ದಕ್ಕಿದ್ದಂತೆ ಹೀಗಾಯಿತು" ಎನ್ನುತ್ತೇವೆ.

ಈ 'ಇದ್ದಕ್ಕಿದ್ದಂತೆ'ಯನ್ನು ನಾನು ಇನ್ನೊಂದು ಕಡೆಯೂ ಕೇಳಿದ್ದೇನೆ. ನಮ್ಮತ್ತೆಯವರನ್ನು ಭೂಮಿತೂಕದ ಹೆಂಗಸು ಎಂದು ಊರೇ ಹೊಗಳುತ್ತಿತ್ತು. ಹದಿನೈದು ಜನರ ಮನೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಮಿಕ್ಕ ಅನ್ನಕ್ಕೆ ಸಾರು ಬಗ್ಗಿಸಿಕೊಂಡು ಉಣ್ಣುತ್ತಿದ್ದರು. "ಅವರಿಗೆ ದಣಿವೇ ಗೊತ್ತಿಲ್ಲ ಕಣ್ರೀ" ಎನ್ನುತ್ತಲೇ ನೆಂಟರು ಎರಡನೇ ಸಲ ಕಾಫಿ ಕೇಳುತ್ತಿದ್ದರು. ಅರವತ್ತೆರಡನೇ ವಯಸ್ಸಿನಲ್ಲಿ ಒಂದು ದಿನ ಒಲೆಯ ಮುಂದೆ ಕೂತವರು ಏಳಲಾರದೆ ಹೋದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರಕ್ಕಿಳಿದಿತ್ತು. ಕಬ್ಬಿಣದಿಂದಲೇ ಕೆಂಪಾದ ನೆಲದ ಮೇಲೆ ನಲವತ್ತು ವರ್ಷ ಓಡಾಡಿದವರ ಮೈಯಲ್ಲಿ ಕಬ್ಬಿಣವೇ ಇರಲಿಲ್ಲ. "ಇದ್ದಕ್ಕಿದ್ದಂತೆ ಏನಾಯಿತೋ" ಎಂದರು ಮನೆಯ ಗಂಡಸರು. ಚೇತರಿಸಿಕೊಳ್ಳಲು ಒಂದು ವರ್ಷವೇ ಹಿಡಿಯಿತು.

ಮಣ್ಣಿಗೆ ಮನಸ್ಸಿಲ್ಲ, ನೋವಿಲ್ಲ. ಹೆಣ್ಣನ್ನು ಅದಕ್ಕೆ ಹೋಲಿಸುವುದು ಸರಿಯೇ ಎಂದು ನೀವು ಕೇಳಬಹುದು. ಹೋಲಿಸಿದ್ದು ನಾನಲ್ಲವಲ್ಲ! ಹೋಲಿಸಿಕೊಂಡು ಬಂದವರು ಅರ್ಧಕ್ಕೇ ನಿಲ್ಲಿಸಿದ್ದಾರೆ, ಅಷ್ಟೆ. ಕೊಡುವುದನ್ನು ಹೇಳಿದರು, ಕಾಡಿನ ತರಗೆಲೆಯನ್ನು ಹೇಳಲಿಲ್ಲ. ಸಹನೆ ಬೇಡವೆಂದು ನನ್ನ ವಾದವಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಅದಿಲ್ಲದೆ ಅರ್ಧ ಗಂಟೆಯೂ ನಿಲ್ಲಲಾಗದು. ಆದರೆ ಆ ಸಹನೆ ನಾನಾಗಿ ತಂದುಕೊಂಡದ್ದು; ಸಂಜೆ ಮನೆಯಲ್ಲಿ ಯಾರಾದರೂ ಒಂದು ಲೋಟ ಕಾಫಿ ಮಾಡಿ ಕೊಟ್ಟರೆ ಮರುದಿನಕ್ಕೆ ಮತ್ತೆ ಹುಟ್ಟುತ್ತದೆ. ನಮ್ಮತ್ತೆಯವರದ್ದು ಸಹನೆಯೋ, ಕೇಳುವವರಿಲ್ಲದ ಮೌನವೋ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ.

ಮಣ್ಣಿಗಾದರೆ ಪರೀಕ್ಷೆಯುಂಟು. ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. 2015ರಿಂದ ಸರ್ಕಾರವೇ ಹೊಲಗಳಿಗೆ ಆರೋಗ್ಯದ ಚೀಟಿ ಕೊಡುವ ಯೋಜನೆ ತಂದಿದೆ. ನಮ್ಮ ಮನೆಯವರು ಈ ವಿಷಯದಲ್ಲಿ ಬಲು ಶಿಸ್ತು. ತೋಟದ ಹತ್ತಾರು ಕಡೆ ತರಗೆಲೆ ಸರಿಸಿ, ಒಂಬತ್ತು ಅಂಗುಲ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಕಳಿಸಿದರು. ರಸಸಾರ 4.9 ಎಂದು ಬಂತು. ಸುಣ್ಣ ಹಾಕಿಸಿದ್ದಾರೆ, ಅದು ಮಣ್ಣಿಗೆ ಹತ್ತಲು ತಿಂಗಳುಗಳೇ ಬೇಕು.

ಅದೇ ವಾರ ನಾನು ಸೊಸೆಯನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿ ರಕ್ತ ಪರೀಕ್ಷೆಗೆ ಕೊಟ್ಟು ಬಂದೆ. ನನ್ನದು ಹತ್ತೂವರೆ. ಅವಳದು ಒಂಬತ್ತು.